ಹಂಪಿಯಲ್ಲಿ ಎರಡು ದಿನ: ಕರಡಿ, ನೀರುನಾಯಿ ನೋಡುತ್ತಾ ನಡೆಯುವುದು ಹೇಗೆ?

ಹಂಪಿಗೆ ಹೋದವರು ವಾರಾಂತ್ಯವನ್ನು ಕೆಡಿಸಿಕೊಳ್ಳುವುದು ಹೆಚ್ಚುಕಡಿಮೆ ಒಂದೇ ರೀತಿ. ಹತ್ತು ಗಂಟೆಗೆ ತಿಂಡಿ ಮುಗಿಸಿ ಆಟೊ ಹತ್ತುತ್ತಾರೆ. ಸುಡು ಬಿಸಿಲಲ್ಲಿ ಹದಿನೈದು ಜಾಗ ಸುತ್ತುತ್ತಾರೆ. ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು, ಸಂಜೆ ಐದೂವರೆಗೆ ದರೋಜಿ ಕರಡಿಧಾಮಕ್ಕೆ ಓಡುತ್ತಾರೆ. ಅಷ್ಟೊತ್ತಿಗೆ ಅಲ್ಲಿ ಗೇಟು ಮುಚ್ಚುವ ಸಮಯ. ನದಿಯಲ್ಲಿ ನೀರುನಾಯಿಗಳಿವೆ ಅನ್ನುವುದಂತೂ ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ.

ಗುಡಿ, ಮಂಟಪ ಇಡೀ ದಿನ ಅಲ್ಲೇ ಇರುತ್ತವೆ. ಪ್ರಾಣಿಗಳು ತಮ್ಮ ಹೊತ್ತಿಗೆ ಮಾತ್ರ ಬರುತ್ತವೆ. ಹಾಗಾಗಿ ಮೊದಲು ಪ್ರಾಣಿಗಳ ಹೊತ್ತು ನೋಡಿಕೊಳ್ಳಿ, ಆಮೇಲೆ ಉಳಿದದ್ದನ್ನು ಹೊಂದಿಸಿ. ಶನಿವಾರ ಮಧ್ಯಾಹ್ನ ಕರಡಿ, ಭಾನುವಾರ ನಸುಕಿನಲ್ಲಿ ನದಿ ದಂಡೆ. ಇದನ್ನು ಅದಲುಬದಲು ಮಾಡಬೇಡಿ.

ಹೊರಡುವ ಮೊದಲು

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ಬಂತೆಂದರೆ ಬಂಡೆಗಳು ಕಾಯುತ್ತವೆ. ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟರೆ ನದಿಯಲ್ಲಿರುವ ಪುರಂದರ ಮಂಟಪ ಮುಳುಗುತ್ತದೆ, ಹರಿಗೋಲು ನಿಲ್ಲುತ್ತದೆ, ದಂಡೆಯ ದಾರಿಯೂ ನಂಬುವ ಹಾಗಿರುವುದಿಲ್ಲ.

ಬೆಂಗಳೂರಿನಿಂದಾದರೆ ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೊಸಪೇಟೆಯಲ್ಲಿ ಇಳಿಯಿರಿ. ರೂಮು ಮಾತ್ರ ಹಂಪಿ ಪಕ್ಕದ ಕಮಲಾಪುರದಲ್ಲೇ ಮಾಡಿ. ಹೊಸಪೇಟೆಯಲ್ಲಿ ಉಳಿದರೆ ಭಾನುವಾರ ನಸುಕಿಗೆ ನದಿ ತಲುಪುವುದು ಕಷ್ಟ.

ಕಾಲಿಗೆ ರಬ್ಬರ್ ಅಡಿಯ ಹಳೆಯ ಶೂ ಸಾಕು. ಚಪ್ಪಲಿ ಬೇಡ. ಇಬ್ಬನಿ ಬಿದ್ದ ನುಣುಪು ಬಂಡೆಯ ಮೇಲೆ ಅದು ಜಾರುತ್ತದೆ. ಮಣ್ಣಿನ ಬಣ್ಣದ ಬಟ್ಟೆ, ತಲೆಗೊಂದು ಟೋಪಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ತಿಂಡಿಯನ್ನು ಬ್ಯಾಗಿನೊಳಗೇ ಇಡಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಕೋತಿಗಳು ಬಿಡುವುದಿಲ್ಲ.

ದುರ್ಬೀನು ಬೇಕೇ ಬೇಕು. ಕೊಳ್ಳುವುದಾದರೆ 8×42 ತಗೊಳ್ಳಿ, ಇಲ್ಲವೇ ಯಾರ ಹತ್ತಿರವಾದರೂ ಕೇಳಿ ತನ್ನಿ. ಇಲ್ಲಿ 8 ಅಂದರೆ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬ ಲೆಕ್ಕ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಗಾಜು ಅಗಲವಿದ್ದಷ್ಟೂ ಸಂಜೆಯ ಮಬ್ಬಿನಲ್ಲಿ ಚೆನ್ನಾಗಿ ಕಾಣುತ್ತದೆ. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ಮೊಬೈಲಿಗೆ ಸಿಕ್ಕಿಸುವ ಜೂಮ್ ಲೆನ್ಸ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಅದರಲ್ಲಿ ಕರಡಿಯೂ ಬಂಡೆಯೂ ಒಂದೇ ಕಪ್ಪು ಚುಕ್ಕೆ.

ಶನಿವಾರ: ಕರಡಿ ನೋಡುವ ಕೆಲಸ

ಬೆಳಗ್ಗೆ ಕಮಲ ಮಹಲ್, ಗಜಶಾಲೆ, ಹಜಾರ ರಾಮನ ಗುಡಿ ನೋಡಿ, ಊಟ ಮಾಡಿ, ಒಂದು ಗಂಟೆ ಮಲಗಿ.

ಜನ ಸೋಲುವುದು ಇದರ ನಂತರದ ಹಂತದಲ್ಲಿ. ವಾಹನ ಗೊತ್ತು ಮಾಡುವಾಗ 'ದರೋಜಿ ಕರಡಿಧಾಮ' ಎಂದು ಬಿಡಿಸಿ ಹೇಳಿ. ಕಮಲಾಪುರದ ಬಳಿ ಪ್ರಾಣಿಸಂಗ್ರಹಾಲಯವೂ ಇದೆ. ಬರೀ 'ಕರಡಿ ನೋಡಬೇಕು' ಅಂದರೆ ಅಲ್ಲಿಗೆ ಹೋಗಿ ಇಳಿಯುವ ಸಾಧ್ಯತೆ ಇದೆ. ಎರಡೂ ಬೇರೆ ಬೇರೆ. ಕರಡಿಧಾಮ ಹಂಪಿಯಿಂದ ಸುಮಾರು 15 ಕಿ.ಮೀ. ದೂರ. 1994ರಲ್ಲಿ ಘೋಷಣೆಯಾದ ಈ ಧಾಮದಲ್ಲಿ ಕರಡಿಗಳು ಬಂಡೆಗುಡ್ಡಗಳ ಗುಹೆಗಳಲ್ಲಿ ತಮ್ಮ ಪಾಡಿಗೆ ಬದುಕಿವೆ. ಒಳಗೆ ಬಿಡುವುದು ಮಧ್ಯಾಹ್ನದ ಮೇಲೆ, ಸಂಜೆ ಆರಕ್ಕೆ ಹೊರಗೆ ಬರಬೇಕು. ಗೇಟು ತೆರೆಯುವ ಹೊತ್ತಿಗೇ ಅಲ್ಲಿರಿ.

ಒಳಗೆ ನಡೆಯುವ ಹಾಗಿಲ್ಲ. ವಾಹನದಲ್ಲಿ ವೀಕ್ಷಣಾ ಗೋಪುರದವರೆಗೆ ಹೋಗಿ, ಎದುರಿನ ಗುಡ್ಡ ನೋಡುತ್ತಾ ಕೂರಬೇಕು. ಆ ಗುಡ್ಡದ ಬಂಡೆಗಳಿಗೆ ಅರಣ್ಯ ಸಿಬ್ಬಂದಿ ಬೆಲ್ಲದ ಪಾಕ ಬಳಿಯುವ ಪದ್ಧತಿ ವರ್ಷಗಳಿಂದ ಇದೆ. ಬಿಸಿಲು ಇಳಿದ ಮೇಲೆ ಕರಡಿಗಳು ಅದನ್ನು ನೆಕ್ಕಲು ಇಳಿದು ಬರುತ್ತವೆ.

ಗೋಪುರ ಹತ್ತಿದ ಕೂಡಲೇ ದುರ್ಬೀನು ಕಣ್ಣಿಗೆ ಹಿಡಿಯಬೇಡಿ. ದುರ್ಬೀನಿನಲ್ಲಿ ಕಾಣುವುದು ಗುಡ್ಡದ ಒಂದು ತುಣುಕು ಮಾತ್ರ. ಮೊದಲ ಹತ್ತು ನಿಮಿಷ ಬರಿಗಣ್ಣಿನಲ್ಲಿ ಇಡೀ ಗುಡ್ಡ ನೋಡಿ. ಕಪ್ಪು ನೆರಳು ಎಲ್ಲೆಲ್ಲಿವೆ, ಬಂಡೆಗಳ ನಡುವೆ ಸಂದು ಎಲ್ಲಿದೆ, ಪಾಕ ಬಳಿದ ಜಾಗ ಯಾವುದು ಎಂದು ಮನಸ್ಸಿನಲ್ಲಿ ಗುರುತು ಮಾಡಿ. ಆಮೇಲೆ ಆ ನೆರಳುಗಳನ್ನೇ ಮತ್ತೆ ಮತ್ತೆ ನೋಡುತ್ತಿರಿ. ಮುಂಚೆ ಇಲ್ಲದ ನೆರಳೊಂದು ಕಂಡರೆ, ಅಥವಾ ಇದ್ದ ನೆರಳು ಒಂದಿಷ್ಟು ಜರುಗಿದರೆ, ಕಣ್ಣು ಅಲ್ಲಿಂದ ತೆಗೆಯದೆ ದುರ್ಬೀನನ್ನು ಕಣ್ಣಿಗೆ ತನ್ನಿ. ಕಣ್ಣು ತೆಗೆದು ದುರ್ಬೀನು ಹುಡುಕಿದಿರೋ, ಆ ಜಾಗ ಮತ್ತೆ ಸಿಗುವುದು ಕಷ್ಟ.

ಕರಡಿಗೆ ದೃಷ್ಟಿ ಮಂದ, ಮೂಗು ಮಾತ್ರ ಬಲು ಚುರುಕು. ಅತ್ತರು, ಸೆಂಟು ಹಾಕಿಕೊಂಡು ಹೋಗಬೇಡಿ. ಮೊಬೈಲ್ ಸೈಲೆಂಟ್ ಅಲ್ಲ, ಆಫ್ ಮಾಡಿ. ಮಕ್ಕಳಿದ್ದರೆ ಗೋಪುರ ಹತ್ತುವ ಮೊದಲೇ ಹೊಟ್ಟೆ ತುಂಬಾ ತಿನ್ನಿಸಿ. ಚಿಪ್ಸ್ ಪ್ಯಾಕೆಟ್ಟಿನ ಸದ್ದು ಗೋಪುರದಲ್ಲಿ ಕೂತ ಎಲ್ಲರ ಸಂಜೆಯನ್ನೂ ಹಾಳು ಮಾಡುತ್ತದೆ.

ಕರಡಿಗಿಂತ ಮುಂಚೆ ನವಿಲು, ಮುಂಗುಸಿ ಬರುತ್ತವೆ. ಬಂಡೆ ಸಂದುಗಳಲ್ಲಿ ಪೇಂಟೆಡ್ ಸ್ಪರ್‌ಫೌಲ್ ಎಂಬ ಬಣ್ಣದ ಕಾಡುಕೋಳಿ ಓಡಾಡುತ್ತದೆ. 'ಇವೇ ಇರೋದು, ಕರಡಿ ಬರಲ್ಲ' ಅಂತ ಬೇಜಾರಾಗಿ ಬಹಳ ಜನ ನಾಲ್ಕೂವರೆಗೇ ಎದ್ದು ಹೋಗುತ್ತಾರೆ. ಏಳಬೇಡಿ. ಕೊನೆಯ ಒಂದು ಗಂಟೆಯೇ ಮುಖ್ಯ. ಮರಿಗಳಿರುವ ತಾಯಿ ಕರಡಿ ಬಂದರೆ ಬೆನ್ನನ್ನು ಗಮನಿಸಿ. ಮರಿಗಳು ಅಲ್ಲೇ ಕೂದಲು ಹಿಡಿದು ಸವಾರಿ ಮಾಡುತ್ತವೆ. ಕರಡಿ ಎದ್ದು ನಿಂತರೆ ಎದೆಯ ಮೇಲಿನ ಬಿಳಿ ಗುರುತು ಕಾಣುತ್ತದೆ.

ಕೆಲವೊಮ್ಮೆ ಬರುವುದೇ ಇಲ್ಲ. ಹಣ್ಣಿನ ಕಾಲದಲ್ಲಿ ಕಾಡಿನೊಳಗೇ ಹೊಟ್ಟೆ ತುಂಬುತ್ತದೆ. ಅದಕ್ಕೆ ಸಿಬ್ಬಂದಿಯ ಮೇಲೆ ರೇಗುವುದು ತಪ್ಪು.

ಭಾನುವಾರ: ನದಿ ದಂಡೆಯ ನಡಿಗೆ

ಬೆಳಕು ಹರಿಯುವ ಹೊತ್ತಿಗೆ ವಿರೂಪಾಕ್ಷ ದೇವಸ್ಥಾನದ ಮುಂದಿರಿ. ಮಾತಂಗ ಬೆಟ್ಟದಲ್ಲಿ ಸೂರ್ಯೋದಯ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಕತ್ತಲಲ್ಲಿ ಒಬ್ಬರೇ ಹತ್ತಲೇಬೇಡಿ. ಈ ಗುಡ್ಡಗಳಲ್ಲಿ ಚಿರತೆ, ಕರಡಿ ಎರಡೂ ಓಡಾಡುತ್ತವೆ. ನನ್ನ ಕೇಳಿದರೆ, ಆ ಹೊತ್ತನ್ನು ನದಿಗೆ ಕೊಡಿ.

ದೇವಸ್ಥಾನದ ಮುಂದಿನ ಬಜಾರಿನ ತುದಿಯಲ್ಲಿ 'ಎದುರು ಬಸವಣ್ಣ' ಎಂಬ ದೊಡ್ಡ ಕಲ್ಲಿನ ನಂದಿ ಇದೆ, ಅದಕ್ಕಿಂತ ಸ್ವಲ್ಪ ಮುಂಚೆ ಎಡಕ್ಕೆ ತಿರುಗಿ. ದಾರಿ ಚಕ್ರತೀರ್ಥ, ಕೋದಂಡರಾಮನ ಗುಡಿಯತ್ತ ಇಳಿಯುತ್ತದೆ. ವಿರೂಪಾಕ್ಷದಿಂದ ವಿಠ್ಠಲ ದೇವಸ್ಥಾನಕ್ಕೆ ಈ ದಾರಿಯಲ್ಲಿ ಸುಮಾರು ಎರಡು ಕಿ.ಮೀ. ಬಿರಬಿರನೆ ನಡೆದರೆ ಮುಕ್ಕಾಲು ಗಂಟೆಯೂ ಬೇಡ. ನೀವು ಮೂರು ಗಂಟೆ ಇಟ್ಟುಕೊಳ್ಳಿ.

ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಲಾಗಿದೆ. ನೀವು ನಡೆಯುವ ದಂಡೆಯೂ ಅದರೊಳಗೇ ಬರುತ್ತದೆ. ಜನ ಕಡಿಮೆ ಇರುವ ಕಡೆ, ನೀರಿನ ನಡುವೆ ಬಂಡೆ ಇರುವ ಜಾಗ ಹುಡುಕಿ ಅರ್ಧ ಗಂಟೆ ಕೂತುಬಿಡಿ. ಮೊದಲು ಗುರುತು ನೋಡಿ: ಬಂಡೆಯ ಮೇಲೆ ಮೀನಿನ ಹುರುಪೆ, ಏಡಿ ಚಿಪ್ಪಿನ ಚೂರು ಸೇರಿದ ಹಿಕ್ಕೆ ಇದ್ದರೆ ಅದು ನೀರುನಾಯಿ ಬಂದು ಹೋಗುವ ಜಾಗ. ಆಮೇಲೆ ನೀರಿನ ಮೇಲ್ಮೈ ನೋಡಿ. ಚಪ್ಪಟೆ ತಲೆಯ ಹಿಂದೆ ನೀರು ಎರಡಾಗಿ ಸೀಳಿಕೊಂಡು ಹೋಗುತ್ತದೆ. ಇವು ಗುಂಪಾಗಿ ಓಡಾಡುತ್ತವೆ. ಒಂದು ಕಂಡರೆ ಸುತ್ತಮುತ್ತ ಇನ್ನೂ ಇರುತ್ತವೆ. ಚೆನ್ನಾಗಿ ಕಾಣಲಿ ಅಂತ ನೀರಿಗಿಳಿಯಬೇಡಿ. ಈ ನದಿಯಲ್ಲಿ ಸುಳಿಗಳಿವೆ, ಮೊಸಳೆಗಳೂ ಇವೆ.

ಬಿಸಿಲೇರಿದ ಮೇಲೆ ಬಲಕ್ಕೆ ತಿರುಗಿ ಅಚ್ಯುತರಾಯ ದೇವಸ್ಥಾನ ನೋಡಿ. ಹಂಪಿಯಲ್ಲಿ ಇಷ್ಟು ದೊಡ್ಡ ಗುಡಿ, ಇಷ್ಟು ಕಡಿಮೆ ಜನ ಇನ್ನೆಲ್ಲೂ ಇಲ್ಲ. 1534ರಲ್ಲಿ ಕಟ್ಟಿದ್ದು. ಮೂವತ್ತೊಂದು ವರ್ಷಕ್ಕೆ, 1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಈ ರಾಜಧಾನಿಯೇ ಪಾಳು ಬಿತ್ತು. ಗುಡಿಯ ಮುಂದಿನ ಖಾಲಿ ಬಜಾರಿನಲ್ಲಿ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆಯಿರಿ. ಇಲ್ಲಿನ ಬಂಡೆಗಳ ಮೇಲೆ ಓತಿಕ್ಯಾತಗಳು ಬಿಸಿಲು ಕಾಯಿಸುತ್ತಿರುತ್ತವೆ.

ಮತ್ತೆ ದಂಡೆಗೆ ಬಂದು ಸುಗ್ರೀವ ಗುಹೆ, ರಾಜನ ತುಲಾಭಾರ ಎಂಬ ಕಲ್ಲಿನ ಕಮಾನು ದಾಟಿದರೆ ವಿಠ್ಠಲ ದೇವಸ್ಥಾನ. ಸಂಗೀತ ಕಂಬಗಳನ್ನು ಬಡಿದು ತೋರಿಸುತ್ತೇನೆ ಅಂತ ಯಾರಾದರೂ ಬಂದರೆ ಖಡಾಖಂಡಿತವಾಗಿ ಬೇಡ ಅನ್ನಿ. ಬಡಿದು ಬಡಿದೇ ಆ ಕಂಬಗಳು ಸವೆದಿವೆ. ಟಿಕೆಟ್ ಬಿಸಾಡಬೇಡಿ. ಅದೇ ದಿನ ಕಮಲಾಪುರದ ಮ್ಯೂಸಿಯಂಗೂ ಅದು ನಡೆಯುತ್ತದೆ.

ಇಲ್ಲಿಂದ ತಳವಾರಘಟ್ಟಕ್ಕೆ ಹೋಗಿ ನದಿ ದಾಟಿ ಆನೆಗೊಂದಿಯನ್ನೂ 'ಮುಗಿಸೋಣ' ಅನ್ನಿಸುತ್ತದೆ. ಬೇಡ. ಆನೆಗೊಂದಿಗೆ ಒಂದು ಪೂರ್ತಿ ದಿನ ಬೇಕು. ವಾಹನ ನಿಲ್ಲಿಸುವ ಜಾಗದವರೆಗೆ ಬ್ಯಾಟರಿ ಗಾಡಿ ಸಿಗುತ್ತದೆ, ಅಲ್ಲಿಂದ ಆಟೊ ಹಿಡಿದು ಕಮಲಾಪುರಕ್ಕೆ ಬನ್ನಿ. ಊಟ ಮಾಡಿ ಮ್ಯೂಸಿಯಂಗೆ ಹೋಗಿ. ಅಂಗಳದಲ್ಲಿ ಇಡೀ ಹಂಪಿಯ ಗುಡ್ಡ, ನದಿ, ಗುಡಿಗಳ ದೊಡ್ಡ ಮಾದರಿ ಇದೆ. ಬೆಳಗ್ಗೆ ನಡೆದ ದಾರಿಯನ್ನು ಅದರ ಮೇಲೆ ಹುಡುಕಿ. ಮ್ಯೂಸಿಯಂಗೆ ಶುಕ್ರವಾರ ರಜೆ, ಭಾನುವಾರ ತೆರೆದಿರುತ್ತದೆ.