ಕಡಲೆ ರೈಜೋಬಿಯಂ: ಕಲ್ಚರ್ ತೆಗೆಯುವ ಹೊತ್ತನ್ನು ಲೆಕ್ಕ ಹಾಕಿದ್ದು

ಧಾರವಾಡದ ಒಂದು ಚಿಕ್ಕ ಜೈವಿಕ ಗೊಬ್ಬರ ಘಟಕದಲ್ಲಿ ಫರ್ಮೆಂಟರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ತೊಟ್ಟಿ, ನೋಡಿಕೊಳ್ಳುವುದು ನನ್ನ ಕೆಲಸ. ಅದರಲ್ಲಿ ಬೆಳೆಸುವುದು ರೈಜೋಬಿಯಂ: ಕಡಲೆಯ ಬೇರಿನ ಗಂಟುಗಳಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ. ಹಾಗೆ ಬೆಳೆಸಿದ್ದೇ ಕಲ್ಚರ್. ಅಣ್ಣಿಗೇರಿ, ನವಲಗುಂದ, ನರಗುಂದದ ಎರೆಹೊಲಗಳಲ್ಲಿ ಹಿಂಗಾರಿ ಕಡಲೆ ಬಿತ್ತನೆ ಹತ್ತಿರ ಬಂತೆಂದರೆ ಫೋನ್ ಮೇಲೆ ಫೋನ್. "ಯಾವತ್ತು ಸಿಗ್ತೈತ್ರಿ?" ಹಸಿ ಆರಿದ ಮೇಲೆ ಕೊಟ್ಟು ಏನು ಪ್ರಯೋಜನ? ಅಂದಾಜಿನ ಉತ್ತರ ಸಾಲದು ಅನ್ನಿಸಿತು. ಬೆಳವಣಿಗೆಯ ಗಣಿತ ಹಿಡಿದು ಕೂತೆ.

ಮೊದಲು ಅಳತೆ. ಓಡಿ (OD), ಅಂದರೆ ಬ್ರಾತ್ (ಕೋಶಗಳು ಬೆಳೆಯುವ ಆಹಾರದ ದ್ರವ) ಎಷ್ಟು ಮಬ್ಬಾಗಿದೆ ಎಂಬ ಅಳತೆ, ನೋಡುವುದು ಸುಲಭ. ಆದರೆ ಸತ್ತ ಕೋಶವೂ ಬೆಳಕನ್ನು ಚದುರಿಸುತ್ತದೆ, ರೈಜೋಬಿಯಂ ಬಿಡುವ ಲೋಳೆಯ ಕಾಟ ಬೇರೆ. ಹಾಗಾಗಿ ಆರಂಭದ ಹಂತಕ್ಕೆ ಮಾತ್ರ ಓಡಿ ನಂಬಿದೆ, ಅದೂ ಬ್ರಾತ್ ತೆಳು ಮಾಡಿ. ಜೊತೆಗೇ ಕಾಂಗೋ ರೆಡ್ ಬಣ್ಣ ಹಾಕಿದ ಪ್ಲೇಟುಗಳಲ್ಲಿ ಕಾಲೊನಿಗಳ (ಜೀವಂತ ಕೋಶಗಳಿಂದ ಬೆಳೆದ ಚುಕ್ಕೆಗಳ) ಎಣಿಕೆ. ರೈಜೋಬಿಯಂ ಆ ಬಣ್ಣವನ್ನು ಅಷ್ಟಾಗಿ ಹೀರುವುದಿಲ್ಲ. ಕೆಂಪಗೆ ಕಂಡ ಕಾಲೊನಿ ಮೇಲೆ ಅನುಮಾನ ಇಟ್ಟುಕೊಳ್ಳಬೇಕು.

ಪುಸ್ತಕ ತೆರೆದರೆ ಮೊದಲು ಸಿಗುವುದು ಜಾಕ್ ಮೊನೊ 1940ರ ದಶಕದಲ್ಲಿ ಕೊಟ್ಟ ಸಮೀಕರಣ. ಆಹಾರ ಕಡಿಮೆಯಾದಂತೆ ಬೆಳವಣಿಗೆಯ ವೇಗ ಹೇಗೆ ಇಳಿಯುತ್ತದೆ ಎಂದು ಅದು ಹೇಳುತ್ತದೆ. ಅದರಲ್ಲಿ ಕೆಎಸ್ ಎಂಬ ಸಂಖ್ಯೆಯಿದೆ: ವೇಗ ಅರ್ಧಕ್ಕೆ ಇಳಿಯುವಾಗ ಉಳಿದಿರುವ ಆಹಾರದ ಪ್ರಮಾಣ. ಎಷ್ಟೋ ಬ್ಯಾಕ್ಟೀರಿಯಾಗಳಲ್ಲಿ ಸಕ್ಕರೆಗೆ ಇದು ಲೀಟರಿಗೆ ಕೆಲವೇ ಮಿಲಿಗ್ರಾಂ. ನಮ್ಮ ಬ್ರಾತ್‌ನಲ್ಲಿ ಸಕ್ಕರೆಯಂಥ ಆಹಾರವಾದ ಮ್ಯಾನಿಟಾಲ್ ಲೀಟರಿಗೆ 10 ಗ್ರಾಂ! ಅಂದರೆ ಹೆಚ್ಚುಕಡಿಮೆ ಬ್ಯಾಚ್ ಪೂರ್ತಿ ಕೋಶಗಳಿಗೆ ಹೊಟ್ಟೆ ತುಂಬಾ ಊಟ. ಕೆಎಸ್‌ನ ಪ್ರಭಾವ ಕಾಣುವುದು ತೀರಾ ಕೊನೆಯಲ್ಲಿ, ಸ್ವಲ್ಪ ಹೊತ್ತು. ಇಂಥ ಬ್ಯಾಚ್‌ನ ಅಂಕಿಗಳನ್ನು ಸಾಫ್ಟ್‌ವೇರ್‌ಗೆ ಕೊಟ್ಟರೆ ಅದು ಯಾವುದೋ ಒಂದು ಕೆಎಸ್ ಕೊಟ್ಟೇ ಕೊಡುತ್ತದೆ, ಗೆರೆಯೂ ಚೆನ್ನಾಗಿ ಕೂರುತ್ತದೆ. ಆ ಸಂಖ್ಯೆಗೆ ಮಾತ್ರ ಬೆಲೆ ಇಲ್ಲ. ಅದಕ್ಕೇ ಕೆಎಸ್ ಕೈಬಿಟ್ಟೆ.

ನನಗೆ ಬೇಕಾಗಿದ್ದು ಮ್ಯೂ, ಅಂದರೆ ಬೆಳವಣಿಗೆಯ ದರ. ಎಣಿಕೆಯ ನ್ಯಾಚುರಲ್ ಲಾಗ್ (ln) ತೆಗೆದು ಸಮಯದ ಎದುರು ಗ್ರಾಫ್ ಹಾಕಿ, ನೆಟ್ಟಗಿರುವ ಭಾಗದ ಇಳಿಜಾರು ನೋಡಿದರೆ ಅದು ಸಿಗುತ್ತದೆ. ಗಂಟೆಗೆ 0.1 ಬಂತು ಅನ್ನಿ. 0.693ನ್ನು ಅದರಿಂದ ಭಾಗಿಸಿ: ಸುಮಾರು 7 ಗಂಟೆಗೊಮ್ಮೆ ಕೋಶಗಳು ಎರಡು ಪಟ್ಟು.

ದ್ರವ ರೈಜೋಬಿಯಂಗೆ ಸರ್ಕಾರದ ಮಾನದಂಡ ಮಿಲಿಲೀಟರಿಗೆ ಕನಿಷ್ಠ 10 ಕೋಟಿ ಕೋಶ. ಬಾಟಲಿಯಲ್ಲಿ ದಿನ ಕಳೆದಂತೆ ಕೋಶಗಳು ಸಾಯುತ್ತವೆ, ಹಾಗಾಗಿ ನಾನು 100 ಕೋಟಿಗೆ ಗುರಿ ಇಡುತ್ತೇನೆ. ಬೀಜ ಕಲ್ಚರ್‌ನಲ್ಲೂ (ಫರ್ಮೆಂಟರ್ ಶುರು ಮಾಡಲು ಹೆಪ್ಪಿನಂತೆ ಹಾಕುವ ಕಲ್ಚರ್) ಅಷ್ಟೇ ಇದ್ದು, ಅದನ್ನು 1% ಹಾಕಿದರೆ 100 ಪಟ್ಟು ಬೆಳೆಯಬೇಕು: 46 ಗಂಟೆ. 5% ಹಾಕಿದರೆ 20 ಪಟ್ಟು ಸಾಕು: 30 ಗಂಟೆ. ಶುರುವಿನ ಮಂದ ಹೊತ್ತನ್ನು ಎರಡಕ್ಕೂ ಬೇರೆಯಾಗಿ ಸೇರಿಸಬೇಕು. 16 ಗಂಟೆ ಉಳಿತಾಯ ಸಣ್ಣದಲ್ಲ, ಅಲ್ವಾ?

ಬೆಳವಣಿಗೆ ನಿಧಾನವಾಗಿ ನಿಲ್ಲುವ ಮೇಲಿನ ತುದಿಗೆ ಗಣಿತಜ್ಞ ವೆರ್ಹುಲ್ಸ್ಟ್ 1838ರಲ್ಲಿ ಬರೆದ ಲಾಜಿಸ್ಟಿಕ್ ಸಮೀಕರಣ ಸಾಕು. ಎಕ್ಸೆಲ್ ಸಾಲ್ವರ್‌ನಲ್ಲೇ ಹೊಂದಿಸಬಹುದು. ಆದರೆ ಬೆಳವಣಿಗೆ ಯಾಕೆ ನಿಂತಿತು ಎಂದು ಅದು ಹೇಳುವುದಿಲ್ಲ. ಅದನ್ನು ಗ್ರಾಫಿನಲ್ಲೇ ಹುಡುಕಬೇಕು. ಲಾಗ್ ಗ್ರಾಫ್ ಬಾಗಿ, ಸಾದಾ ಗ್ರಾಫ್ ನೆಟ್ಟಗೆ ಏರುತ್ತಿದ್ದರೆ ನಾನು ಮೊದಲು ಆಮ್ಲಜನಕ ನೋಡುತ್ತೇನೆ. ಒಳಗೆ ಬರುವ ಗಾಳಿ ಅಷ್ಟೇ ಇರುತ್ತದೆ, ಉಣ್ಣುವ ಕೋಶಗಳು ಜಾಸ್ತಿಯಾಗಿರುತ್ತವೆ. ಕಲಕುವ ವೇಗ ಏರಿಸಿದಾಗ ಬೆಳವಣಿಗೆ ಮತ್ತೆ ಚುರುಕಾದರೆ ಕೊರತೆ ಗಾಳಿಯದ್ದೇ. ಆಗ ಮ್ಯಾನಿಟಾಲ್ ಇನ್ನಷ್ಟು ಸುರಿಯುವುದು ಸುಮ್ನೆ ದುಡ್ಡು ಹಾಳು.

ಈಗ ಬಿತ್ತನೆಯ ದಿನದಿಂದ ಹಿಂದಕ್ಕೆ ಎಣಿಸಿ ಬೀಜ ಕಲ್ಚರ್ ಹಾಕುತ್ತೇನೆ. ರೈಜೋಬಿಯಂ ತಳಿ, ಬ್ರಾತ್, ಉಷ್ಣತೆ, ಇವುಗಳಲ್ಲಿ ಒಂದು ಬದಲಾದರೂ ಮ್ಯೂ ಮತ್ತೆ ಅಳೆಯುತ್ತೇನೆ.