ಹೊಂಡ ತೋಡುವ ಮುಂಚೆ

ಕೃಷಿ ಹೊಂಡಕ್ಕೆ ಸಹಾಯಧನ ಬೇಕಿದ್ದರೆ, ಕೃಷಿ ಇಲಾಖೆಯ ಕಾರ್ಯಾದೇಶ (ಕೆಲಸ ಶುರು ಮಾಡಲು ಕೊಡುವ ಲಿಖಿತ ಅನುಮತಿ) ಕೈಗೆ ಬರುವವರೆಗೆ ಜೆಸಿಬಿಯನ್ನು ಹೊಲಕ್ಕೆ ಇಳಿಸಬೇಡಿ. ನಾನು ಇಳಿಸಿದ್ದೆ. ಅರ್ಜಿ ಕೊಟ್ಟಾಗಿದೆ, ಮುಂಗಾರು ತಲೆ ಮೇಲೆ ಬಂದಿದೆ, ಇನ್ನೇನು ಅಂತ. ನೋಡಲು ಬಂದ ಇಲಾಖೆಯವರು "ತೋಡೋ ಮುಂಚಿನ ಫೋಟೊ ಎಲ್ಲಿ?" ಅಂದರು. ನೀರು ನಿಂತ ಗುಂಡಿ ಮುಂದೆ ನಿಂತು ಏನು ಹೇಳಲಿ? ಅದು ಪೂರ್ತಿ ನನ್ನ ದುಡ್ಡಿನ ಹೊಂಡವೇ ಆಯಿತು. ಬೇರೆಯಾಗಿರುವ ನನ್ನ ತಮ್ಮನಿಗೆ ಮಾತ್ರ ಸರಿಯಾದ ದಾರಿಯಲ್ಲಿ ಮಾಡಿಸಿಕೊಟ್ಟೆ.

ನಮ್ಮದು ಶಿರಾ ಕಡೆಯ ಕೆಂಪು ಮಣ್ಣು, ಶೇಂಗಾ ಮತ್ತು ರಾಗಿ. 2014-15ರಲ್ಲಿ ಶುರುವಾದ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಇಂಥ ಮಳೆಯಾಶ್ರಿತ ಹೊಲಗಳಿಗೇ ಇರುವುದು. ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ. 80, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 90 ಸಹಾಯಧನ, ಉಳಿದದ್ದು ರೈತರ ವಂತಿಕೆ. ಆ ಲೆಕ್ಕ ಇಲಾಖೆಯ ದರದ ಮೇಲೆ, ಜೆಸಿಬಿಯವನು ಹೇಳಿದ ಬಾಡಿಗೆಯ ಮೇಲಲ್ಲ.

ಪಹಣಿ ತೆಗೆಸಿ ಹೆಸರು ನೋಡಿ. ಅಪ್ಪ ತೀರಿಕೊಂಡು ವರ್ಷಗಳಾದರೂ ಖಾತೆ ಅವರ ಹೆಸರಲ್ಲೇ ಇರುವ ಮನೆಗಳು ನಮ್ಮೂರಲ್ಲಿ ಎಷ್ಟೋ. ಅಂಥವರು ಮೊದಲು ಪೌತಿ ಖಾತೆ ಮಾಡಿಸಬೇಕು, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಿಕೊಳ್ಳಬೇಕು. ಆಮೇಲೆ ರೈತರ, ಜಮೀನಿನ ವಿವರ ಇಡುವ ಸರ್ಕಾರದ ತಂತ್ರಾಂಶ ಫ್ರೂಟ್ಸ್‌ನಲ್ಲಿ ನೋಂದಣಿ. ಅಲ್ಲಿ ಸಿಗುವ ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿಗೆ ಹೊಂಡ ಬರುವ ಸರ್ವೆ ನಂಬರ್ ಸೇರಿದೆಯೇ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ತಮ್ಮನದರಲ್ಲಿ ಒಂದು ತುಂಡು ಬಿಟ್ಟುಹೋಗಿತ್ತು, ನಾವು ಗುರುತು ಹಾಕಿದ್ದ ತುಂಡೇ ಅದು! ಹಣವೂ ಅಷ್ಟೇ: ಆಧಾರ್‌ಗೆ ಕೊನೆಗೆ ಜೋಡಿಸಿದ ಖಾತೆಗೆ ಹೋಗುತ್ತದೆ. ಅದು ಯಾವ ಬ್ಯಾಂಕು ಅಂತ ಮೊದಲೇ ತಿಳಿದುಕೊಳ್ಳಿ.

ಅಳತೆ ಆರಿಸುವಾಗ ಆಸೆಬುರುಕರಾಗಬೇಡಿ. 21 ಮೀಟರ್ ಉದ್ದಗಲ, 3 ಮೀಟರ್ ಆಳದ ಹೊಂಡವು ಬದು ಬಿಟ್ಟೇ ನಾಲ್ಕೂವರೆ ಗುಂಟೆಯಷ್ಟು ನುಂಗುತ್ತದೆ. ಬದಿಗಳ ಇಳಿಜಾರು ಒಂದಕ್ಕೊಂದು (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ) ಬಿಟ್ಟರೆ ಹಿಡಿಯುವುದು ಹತ್ತಿರಹತ್ತಿರ 10 ಲಕ್ಷ ಲೀಟರ್. ನಾವು ಮಾಡಿಸಿದ್ದು 15 ಮೀಟರಿನದು, 4.4 ಲಕ್ಷ ಲೀಟರ್. ಒಂದು ಎಕರೆಗೆ ಎರಡು ಇಂಚು ನೀರು ಹಾಯಿಸಲು 2 ಲಕ್ಷ ಲೀಟರ್ ಬೇಕು. ಅಂದರೆ ಕಾಯಿ ಕಟ್ಟುವಾಗ ಮಳೆ ಕೈಕೊಟ್ಟರೆ ಎಕರೆಗೆ ಎರಡು ಸಲ ತುಂತುರು ಹಿಡಿಯಬಹುದು. ಬೆಳೆ ಉಳಿಸಲು ಅಷ್ಟು ಸಾಕು; ಭತ್ತ ಹಾಕುವ ಕನಸು ಬೇಡ. ಹರಿದು ಬರುವ ನೀರಿನ ದಾರಿ ನೋಡಿ ತಗ್ಗಿನಲ್ಲಿ ಜಾಗ ಗುರುತಿಸಿ. ರಸ್ತೆ ಪಕ್ಕ ಎಲ್ಲರಿಗೂ ಕಾಣಲಿ ಅಂತ ತೋಡಿಸಿದವರ ಹೊಂಡ ಮಳೆಗಾಲದಲ್ಲೂ ಅರ್ಧವೇ.

ತೋಡುವ ಮುಂಚೆ, ತೋಡುವಾಗ, ಮುಗಿದ ಮೇಲೆ, ಮೂರು ಸಲವೂ ಜಿಪಿಎಸ್ ಫೋಟೊ ತೆಗೆಯಲು ಇಲಾಖೆಯವರನ್ನೇ ಕರೆಸಿ. ನಿಮ್ಮ ಮೊಬೈಲಿನಲ್ಲೂ ತೆಗೆದಿಡಿ.

ಕೆಂಪು ಮಣ್ಣಲ್ಲಿ ನೀರು ಹೆಚ್ಚು ದಿನ ನಿಲ್ಲದು, ಪಾಲಿಥಿನ್ ಹೊದಿಕೆ ಬೇಕೇ ಬೇಕು. ಹಾಸುವ ಮುಂಚೆ ಕಲ್ಲು, ಬೇರು ಆರಿಸಿ ತೆಗೆಯಿರಿ.

ತಂತಿ ಬೇಲಿಯನ್ನು "ಆಮೇಲೆ ನೋಡೋಣ" ಅನ್ನಬೇಡಿ. ಪಾಲಿಥಿನ್ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲವರೂ ಹತ್ತಿ ಬರಲಾರರು. ತಮ್ಮನ ಹೊಂಡದಲ್ಲಿ ನಾಲ್ಕೂ ಕಡೆ ಗಂಟು ಹಾಕಿದ ದಪ್ಪ ಹಗ್ಗ ಇಳಿಬಿಟ್ಟಿದ್ದೇವೆ, ತುದಿಗೆ ಹಳೇ ಟೈರು. ಹಗ್ಗ, ಟೈರಿಗೆ ಸಹಾಯಧನ ಇಲ್ಲ, ನೀವೇ ಕಟ್ಟಿ.