ಪೈಪಿನೊಳಗೆ ರೋಬೋಟ್: ಅಳತೆ ತಪ್ಪುವುದು ಎಲ್ಲಿ

ಒಳಚರಂಡಿಯ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪು ಒಡೆಯುವ ಮೊದಲು ಚಪ್ಪಟೆಯಾಗುತ್ತದೆ. ಮಂಗಳೂರಿನಲ್ಲಿ ಕೆಂಪುಕಲ್ಲಿನ ಪದರ ಮುಗಿದು ಶೇಡಿ ಮಣ್ಣು ಸಿಗುವ ಕಡೆ ಇದರ ಕಾಟ ಜಾಸ್ತಿ. ಬೇಸಿಗೆಯಲ್ಲಿ ಗಟ್ಟಿಯಾಗಿರುವ ಶೇಡಿ, ಮಳೆಗಾಲದಲ್ಲಿ ನೀರು ಕುಡಿದು ಮೆತ್ತಗಾಗಿ ಪೈಪಿನ ಪಕ್ಕಕ್ಕೆ ಆಸರೆ ಕೊಡುವುದಿಲ್ಲ. ಹಾಗಾಗಿ ಮಣ್ಣು ಮುಚ್ಚಿ 30 ದಿನ ಕಳೆದ ಮೇಲೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಪೈಪಿನ ಆಕಾರ ಅಳೆಯುತ್ತೇವೆ.

ಚಕ್ರದ ಕ್ಯಾಮೆರಾ ರೋಬೋಟಿನ ಮುಂದೆ ಲೇಸರ್ ಕೂರಿಸುತ್ತೇವೆ. ಲೈಟ್ ಆರಿಸಿದರೆ ಪೈಪಿನ ಗೋಡೆಯ ಮೇಲೆ ಕೆಂಪು ಬಳೆಯೊಂದು ಕಾಣುತ್ತದೆ. ಅಳೆಯುವುದು ಆ ಬಳೆಯನ್ನು. ಅದೇ ಪೈಪಿನ ಒಂದು ತುಂಡನ್ನು ಟೇಪಿನಲ್ಲಿ ಅಳೆದಿಟ್ಟು, ಮೊದಲು ಅದರೊಳಗೆ ರೋಬೋಟ್ ನಿಲ್ಲಿಸಿ ಸ್ಕೇಲ್ ಹೊಂದಿಸಬೇಕು. ವಿಷಗಾಳಿ ಪತ್ತೆಹಚ್ಚುವ ಗ್ಯಾಸ್ ಮೀಟರ್ ನೋಡದೆ ಮ್ಯಾನ್‌ಹೋಲಿನ ಹತ್ತಿರ ಬಗ್ಗುವುದಿಲ್ಲ. ಮನುಷ್ಯರನ್ನಂತೂ ಇಳಿಸುವುದೇ ಇಲ್ಲ.

ಅತಿ ಹೆಚ್ಚು ಮೋಸ ಮಾಡುವುದು ತಳದ ನೀರು. ಬಳೆಯ ಕೆಳಭಾಗ ನೀರಿನ ಮೇಲೆ ಮುರಿಯುತ್ತದೆ, ಸಾಫ್ಟ್‌ವೇರ್ ನೀರಿನ ಮಟ್ಟವನ್ನೇ ತಳ ಎಂದುಕೊಳ್ಳುತ್ತದೆ. 300 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ 15 ಮಿ.ಮೀ. ನೀರು ನಿಂತರೆ ಸಾಕು, ಇಲ್ಲದ 5% ಕುಸಿತ (ಪೈಪಿನ ಎತ್ತರ ಕಡಿಮೆಯಾಗಿರುವುದು) ವರದಿಯಲ್ಲಿ ಬರುತ್ತದೆ. ಸಾಮಾನ್ಯವಾಗಿ ಒಪ್ಪುವ ಮಿತಿಯೇ 5%! ಆದ್ದರಿಂದ ಜೆಟ್ಟಿಂಗ್ ಮಾಡಿ (ರಭಸದ ನೀರಿನಿಂದ ಪೈಪು ತೊಳೆದು), ಮೇಲಿನ ಮ್ಯಾನ್‌ಹೋಲಿಗೆ ಪ್ಲಗ್ ಹಾಕಿ, ನೀರು ಪೂರ್ತಿ ಹರಿದುಹೋಗುವವರೆಗೆ ಕಾಯಲೇಬೇಕು. ಗಾಜಿಗೆ ಹಬೆ ಹಿಡಿದರೆ ಲೈಟ್ ಹಾಕಿ ಹತ್ತು ನಿಮಿಷ ಒಳಗೇ ಬಿಡಿ, ಗಾಜು ಬಿಸಿಯಾಗಿ ಹಬೆ ಬಿಡುತ್ತದೆ. ಒಂದು ಚಕ್ರ ಕೆಸರಿನ ಮೇಲೆ ಹತ್ತಿ ಲೇಸರ್ ಓರೆಯಾದರೂ ದುಂಡು ಪೈಪು ಅಂಡಾಕಾರವಾಗಿ ಕಾಣುತ್ತದೆ. 10 ಡಿಗ್ರಿ ಓರೆಗೆ ಒಂದು ಕಡೆಯ ಅಳತೆ 1.5% ಉದ್ದವಾಗುತ್ತದೆ.

ಲೆಕ್ಕದ ಸೂತ್ರವನ್ನೂ ವರದಿಯಲ್ಲಿ ಬರೆಯಿರಿ. ಅದೇ 300 ಮಿ.ಮೀ. ಪೈಪಿನಲ್ಲಿ ಎತ್ತರ 282, ಅಗಲ 316 ಬಂದರೆ ಎತ್ತರದ ಕುಸಿತ 6%. ಅಗಲ ಮತ್ತು ಎತ್ತರದ ವ್ಯತ್ಯಾಸ ಹಿಡಿದರೆ 11.3%. ಪೈಪು ಅದೇ, ಜಗಳ ಮಾತ್ರ ದೊಡ್ಡದು.

ಬಳೆಯ ಆಕಾರವೇ ಕಾರಣ ಹೇಳುತ್ತದೆ. ಅಗಲಕ್ಕೆ ಹರಡಿದ್ದರೆ ಪಕ್ಕದ ಮಣ್ಣು ಸರಿಯಾಗಿ ದಮ್ಮಸ್ಸಾಗಿಲ್ಲ. ಎತ್ತರಕ್ಕೆ ಎದ್ದಿದ್ದರೆ ಪಕ್ಕದಲ್ಲಿ ಅತಿಯಾಗಿ ಕುಟ್ಟಿದ್ದಾರೆ. ಮೇಲೆ ಒಂದೇ ಕಡೆ ಮೊಣಕೈ ಒತ್ತಿದಂಥ ತಗ್ಗು ಬಿದ್ದಿದ್ದರೆ ಮರಳಿನ ಜೊತೆ ಕೆಂಪುಕಲ್ಲಿನ ತುಂಡು ಹಾಕಿದ್ದಾರೆ ಎಂದೇ ತಿಳಿಯಿರಿ.

ರಸ್ತೆ ಅಗೆಯುವ ಮೊದಲು ಎದುರಿನ ಮ್ಯಾನ್‌ಹೋಲಿನಿಂದಲೂ ಒಮ್ಮೆ ರೋಬೋಟ್ ಓಡಿಸುತ್ತೇವೆ. ಎರಡೂ ಕಡೆಯಿಂದ ಗುರುತಿಸಿದ ಜಾಗ ಅರ್ಧ ಮೀಟರಿಗಿಂತ ಹೆಚ್ಚು ಬೇರೆಯಾದರೆ ರೋಬೋಟಿನ ದೂರ ತೋರಿಸುವ ಕೇಬಲ್ ಸಡಿಲವಾಗಿತ್ತು ಎಂದರ್ಥ. ಕೇಬಲ್ ಬಿಗಿದು ಮತ್ತೆ ಅಳೆಯುವವರೆಗೆ ಹಾರೆ ಎತ್ತುವುದಿಲ್ಲ.